ಹಬ್ಬದ ಸಂಜೆ ಹೋಟೆಲಿನ ಮುಂದೆ ಮಕ್ಕಳ ಸುರಕ್ಷತೆ



ಹೈದರಾಬಾದಿನಲ್ಲಿ ನಮ್ಮ ಗಲ್ಲಾ ತುಂಬುವುದು ಹಬ್ಬದ ಸಂಜೆಗಳಲ್ಲಿ. ಖೈರತಾಬಾದಿನ ಗಣೇಶನನ್ನು ನೋಡಿದವರು, ಬತುಕಮ್ಮ ಆಡಿ ಬಂದವರು, ನಾಂಪಲ್ಲಿಯ ನುಮಾಯಿಶ್ ಸುತ್ತಿ ದಣಿದವರು ಮಕ್ಕಳೊಂದಿಗೆ ದೋಸೆ, ಕಾಫಿಗೆ ನಮ್ಮಲ್ಲಿಗೇ ಬರುತ್ತಾರೆ. ಒಳಗಿನ ಶುಚಿ, ರುಚಿಯ ಬಗ್ಗೆ ನಾವು ಸಾಕಷ್ಟು ಎಚ್ಚರ ವಹಿಸುತ್ತೇವೆ. ಆದರೆ ಬಾಗಿಲ ಮುಂದಿನ ರಸ್ತೆಯತ್ತ ನಮ್ಮ ಗಮನ ಹರಿಯುವುದು ಕಡಿಮೆ.

ನಮ್ಮ ಬಹುತೇಕ ಹೋಟೆಲುಗಳ ಮುಂದೆ ಫುಟ್‌ಪಾತ್ ಮೇಲೆ ಗಿರಾಕಿಗಳ ಬೈಕು, ನಮ್ಮದೇ ಬೋರ್ಡು, ಹಾಲಿನ ಖಾಲಿ ಕ್ರೇಟುಗಳಿರುತ್ತವೆ. ಮಗುವಿನ ಕೈ ಹಿಡಿದ ತಾಯಿ ರಸ್ತೆಗಿಳಿದೇ ನಡೆಯಬೇಕಾಗುತ್ತದೆ. ಸಾಲಾಗಿ ನಿಂತ ಕಾರುಗಳ ನಡುವಿನಿಂದ ಮಗು ಓಡಿ ಬಂದರೆ ಚಾಲಕನಿಗೆ ಕಾಣುವುದು ಕೊನೆಯ ಕ್ಷಣದಲ್ಲಿ. ಗಂಟೆಗೆ 40 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತದೆ. ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಸುಮಾರು ಒಂದು ಸೆಕೆಂಡ್ ಕಳೆದಿರುತ್ತದೆ. ವೇಗ 20 ಕಿ.ಮೀ. ಇದ್ದರೆ ಆ ದೂರ ಅರ್ಧಕ್ಕಿಳಿಯುತ್ತದೆ. ಬರುವ ವಾಹನದ ವೇಗ ಅಂದಾಜು ಮಾಡುವುದು ಚಿಕ್ಕ ಮಕ್ಕಳಿಂದ ಆಗದು. ಆದ್ದರಿಂದ ಎಚ್ಚರ ದೊಡ್ಡವರದೇ ಆಗಬೇಕು.

2021ರ ಆಗಸ್ಟ್‌ನಲ್ಲಿ ಟ್ಯಾಂಕ್ ಬಂಡ್ ರಸ್ತೆಯನ್ನು ಭಾನುವಾರದ ಸಂಜೆ ವಾಹನಗಳಿಗೆ ಮುಚ್ಚಿ ಜನರಿಗೆ ಬಿಟ್ಟಾಗ ಮಕ್ಕಳು ಅಲ್ಲಿ ನಿರ್ಭಯವಾಗಿ ಆಡಿದರು. ನಮ್ಮ ಬೀದಿಯನ್ನು ಹಾಗೆ ಮುಚ್ಚುವುದು ನಮ್ಮ ಕೈಯಲ್ಲಿಲ್ಲ. ಆದರೆ ಈ ಕೆಳಗಿನವು ನಮ್ಮ ಕೈಯಲ್ಲೇ ಇವೆ:

1. ಸಂಜೆ ಐದರೊಳಗೆ ಫುಟ್‌ಪಾತ್ ತೆರವು ಮಾಡಿಸಿ. ಮೊದಲು ನಮ್ಮ ಸಾಮಾನು, ಆಮೇಲೆ ಗಿರಾಕಿಗಳ ಬೈಕು.

2. ರಶ್ ಸಮಯದಲ್ಲಿ ವಾಚ್‌ಮನ್‌ನನ್ನು ಬಾಗಿಲಲ್ಲಲ್ಲ, ರಸ್ತೆಯ ಅಂಚಿನಲ್ಲಿ ನಿಲ್ಲಿಸಿ. ಮಕ್ಕಳನ್ನು ಕಾರಿನ ರಸ್ತೆ ಬದಿಯ ಬಾಗಿಲಿನಿಂದ ಇಳಿಸದಂತೆ ಅವನು ಹೇಳಲಿ. ಅಲ್ಲಿ ಬೆಳಕೂ ಚೆನ್ನಾಗಿರಲಿ.

3. ಫಂಕ್ಷನ್ ಹಾಲ್‌ಗಳಲ್ಲಿ ಕೇಟರಿಂಗ್ ವ್ಯಾನ್ ರಿವರ್ಸ್ ಮಾಡುವಾಗ ಹಿಂದೆ ಒಬ್ಬರು ಕಡ್ಡಾಯವಾಗಿ ನಿಂತಿರಬೇಕು. ವ್ಯಾನಿನ ಹಿಂದಿರುವ ಚಿಕ್ಕ ಮಗು ಕನ್ನಡಿಯಲ್ಲಿ ಕಾಣಿಸುವುದಿಲ್ಲ. ಪಾತ್ರೆ ಇಳಿಸುವ ಕೆಲಸ ಅತಿಥಿಗಳು ಬರುವ ಮೊದಲೇ ಮುಗಿಯಲಿ.

4. ಪಾರ್ಸೆಲ್ ತಡವಾದರೆ ನಾವೇ ಗಿರಾಕಿಗೆ ಫೋನ್ ಮಾಡೋಣ. ಬೈಕ್ ಹುಡುಗನನ್ನು ಅವಸರಪಡಿಸುವುದು ಬೇಡ.

5. ಹದಿನೆಂಟು ತುಂಬದ ಹುಡುಗರ ಕೈಗೆ ಹೋಟೆಲಿನ ಗಾಡಿಯ ಕೀಲಿ ಕೊಡಬೇಡಿ. ಅವರು ಅದನ್ನು ಓಡಿಸಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಗಾಡಿಯ ಮಾಲೀಕನಿಗೆ ಮೂರು ವರ್ಷದವರೆಗೆ ಜೈಲು, ₹25,000 ದಂಡ ಇದೆ. ಗಾಡಿಯ ನೋಂದಣಿಯೂ 12 ತಿಂಗಳು ರದ್ದಾಗುತ್ತದೆ.

ಇಷ್ಟಾದರೂ ಅವಘಡ ನಡೆದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಗಾಯಾಳುವಿಗೆ ನೆರವಾದ ದಾರಿಹೋಕರಿಗೆ ಅದೇ ತಿದ್ದುಪಡಿ ರಕ್ಷಣೆ ನೀಡಿದೆ. ಕೇಸಿನ ಭಯದಿಂದ ಯಾರೂ ಹಿಂದೆ ಸರಿಯಬೇಕಿಲ್ಲ ಎಂಬುದನ್ನು ಸಿಬ್ಬಂದಿಗೂ ತಿಳಿಸಿಡಿ.

ಬೈಕ್ ನಿಲ್ಲಿಸಲು ಜಾಗವಿಲ್ಲವೆಂದು ಗಿರಾಕಿ ಪಕ್ಕದ ಹೋಟೆಲಿಗೆ ಹೋದಾರು ಎಂಬ ಅಳುಕು ಸಹಜ. ಒಂದು ಬೀದಿಯ ಸದಸ್ಯರೆಲ್ಲ ಒಟ್ಟಾಗಿ ನಿರ್ಧರಿಸಿದರೆ ಆ ಅಳುಕಿಗೆ ಕಾರಣವಿರುವುದಿಲ್ಲ. ನಮ್ಮಲ್ಲಿ ಉಂಡ ಮಗು ಕ್ಷೇಮವಾಗಿ ಮನೆ ಸೇರಿದರೆ ಮಾತ್ರ ನಮ್ಮ ಆತಿಥ್ಯ ಪೂರ್ಣವಾದಂತೆ.