ಭೀಮೇಶ್ವರಿಯ ಮಡುಗಳಲ್ಲಿ ಬಿಳಿಮೀನು

ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ಮೇಕೆದಾಟಿನ ಕಡೆಗೆ ಕಾಡಿನ ನಡುವೆ ಬಂಡೆಗಳನ್ನು ಸುತ್ತಿ, ಸೀಳಿ ಸಾಗುತ್ತಾಳೆ. ಬೆಂಗಳೂರಿನಿಂದ ಸುಮಾರು ನೂರು ಕಿಲೋಮೀಟರ್ ದೂರದ ಭೀಮೇಶ್ವರಿ ಇರುವುದು ಈ ದಾರಿಯಲ್ಲೇ. ಒಂದೆಡೆ ನೊರೆಯೆಬ್ಬಿಸುವ ಸೆಳವು, ಪಕ್ಕದಲ್ಲೇ ಸದ್ದಿಲ್ಲದ ಆಳದ ಮಡು. ಕಾವೇರಿಯ ಬಿಳಿಮೀನಿನ, ಅಂದರೆ ಗೂನುಬೆನ್ನಿನ ಮಹಶೀರ್‌ನ, ಮನೆ ಇದೇ.

ತಲೆ ಮುಗಿದಲ್ಲಿಂದಲೇ ಏರುವ ಬೆನ್ನು, ಕಿತ್ತಳೆ ಬಣ್ಣದ ಈಜುರೆಕ್ಕೆ, ದಪ್ಪ ತುಟಿ, ದೊಡ್ಡ ಮೀನಾದರೆ ಅಂಗೈಯಗಲದ ಹುರುಪೆ. ಬಾಯಲ್ಲಿ ಹಲ್ಲಿಲ್ಲ, ಏಡಿ, ಬಸವನಹುಳುಗಳನ್ನು ಪುಡಿಮಾಡುವ ಹಲ್ಲು ಗಂಟಲಲ್ಲಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ 54 ಕಿಲೋ ತೂಗಿತ್ತು. ಇಂಥ ಮೀನಿಗಾಗಿಯೇ ವಿದೇಶದಿಂದ ಭೀಮೇಶ್ವರಿಗೆ ಬಂದವರು ಗಾಳಕ್ಕೆ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ, ಹರಿಗೋಲಿನಲ್ಲಿ ಗಂಟೆಗಟ್ಟಲೆ ಕಾಯುತ್ತಿದ್ದರು. ಹಿಡಿದ ಮೀನನ್ನು ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು.

ಇಷ್ಟು ಹೆಸರುವಾಸಿಯಾದ ಮೀನಿಗೆ ಬಹುಕಾಲ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯ ಸಣ್ಣ ಮೀನುಗಳನ್ನು ನೋಡಿ 2007ರಲ್ಲಿ ಇಟ್ಟ 'ಟಾರ್ ರೆಮಾದೇವಿ' ಎಂಬ ಹೆಸರು ಇದರದೇ ಎಂದು ಗೊತ್ತಾದದ್ದು 2018ರಲ್ಲಿ. ಅದೇ ವರ್ಷ ಇದು ಅಳಿವಿನ ತೀವ್ರ ಅಪಾಯದ ಕೆಂಪು ಪಟ್ಟಿಗೂ ಸೇರಿತು.

ಸಿಡಿಮದ್ದಿನ ಬೇಟೆ, ಅಣೆಕಟ್ಟು, ಮರಳುಗಾರಿಕೆ ಇದನ್ನು ಅಳಿವಿನಂಚಿಗೆ ತಳ್ಳಿದವು. ನನಗೆ ಅತಿ ಹೆಚ್ಚು ನೋವು ತರುವುದು ಮಾತ್ರ ಒಳ್ಳೆಯ ಮನಸ್ಸಿನಿಂದ ಆದ ಕೇಡು. ಲೋಣಾವಳದಲ್ಲಿ ಮರಿ ಮಾಡಿಸಿದ ನೀಲಿ ರೆಕ್ಕೆಯ ಮಹಶೀರ್‌ಗಳನ್ನು, ಮಹಶೀರ್ ಉಳಿಯಲಿ ಎಂದೇ, ಕಾವೇರಿಗೆ ಬಿಡಲಾಯಿತು. ಹೊರಗಿನ ಈ ಜಾತಿ ಇಲ್ಲಿ ಬೀಡುಬಿಟ್ಟು ಹೆಚ್ಚಿತು. ಭೀಮೇಶ್ವರಿಯ ಕೆಳಗಿನ ಗಾಳಿಬೋರೆಯ ಶಿಬಿರದಲ್ಲಿ ಗಾಳ ಹಾಕಿದವರು ಬರೆದಿಟ್ಟ ಲೆಕ್ಕದಲ್ಲಿ ನೀಲಿ ರೆಕ್ಕೆಯವು ವರ್ಷವರ್ಷ ಏರಿದರೆ, ಗೂನುಬೆನ್ನಿನವು ಇಳಿಯುತ್ತ ಹೋದವು. ಈಗ ತಮಿಳುನಾಡಿನ ಮೋಯಾರ್‌ನಂಥ ಕೆಲವೇ ಹೊಳೆಗಳಲ್ಲಿ ಬಿಳಿಮೀನಿನ ಕುಲ ಉಳಿದಿದೆ.

ಇನ್ನು, ಯೋಜಿಸಿರುವಂತೆ ಮೇಕೆದಾಟಿನಲ್ಲಿ ಅಣೆಕಟ್ಟು ಕಟ್ಟಿದರೆ ಕಾವೇರಿ ವನ್ಯಜೀವಿಧಾಮದ ಕಾಡು ಮುಳುಗುತ್ತದೆ, ಹರಿವ ಹೊಳೆ ನಿಂತ ನೀರಾಗುತ್ತದೆ. ಬಿಳಿಮೀನಿಗೆ ಬೇಕಾದದ್ದು ಹರಿವ ನೀರು. ಆ ಯೋಜನೆಯ ಲೆಕ್ಕ ಹಾಕುವವರು ಈ ಮಡುಗಳನ್ನೂ ಲೆಕ್ಕಕ್ಕೆ ಹಿಡಿಯಲಿ.