‘ಅದು ಮದುವೆಯೇ ಅಲ್ಲ’ ಅಂದ ಮಾವ

‘ದಿ ಟ್ಯೂಡರ್ಸ್’ ಸೀರೀಸ್ ನೋಡಿದವರಿಗೆ ಎಂಟನೇ ಹೆನ್ರಿಯ ಆರು ಮದುವೆಗಳ ಕಥೆ ಬಾಯಿಪಾಠ ಆಗಿರುತ್ತೆ. ಅದರಲ್ಲಿ ಅವನಿಗೆ ಮದುವೆಯಾಚೆ ಹುಟ್ಟಿದ ಮಗನೊಬ್ಬ ಬರ್ತಾನೆ, ಪುಟ್ಟ ಮಗುವಾಗಿದ್ದಾಗಲೇ ಸತ್ತೂ ಹೋಗ್ತಾನೆ. ನಿಜವಾದ ಇತಿಹಾಸದಲ್ಲಿ ಆ ಹುಡುಗ ಹದಿನೇಳು ವರ್ಷ ಬದುಕಿದ್ದ, ಮದುವೆಯೂ ಆಗಿದ್ದ. ಅವನು ಸತ್ತ ಮೇಲೆ ಆ ಮದುವೆಯ ಮೇಲೆ ನಡೆದ ಜಗಳ ಇದೆಯಲ್ಲ, ಅದು ಸೀರೀಸ್‌ಗಿಂತ ಚೆನ್ನಾಗಿದೆ.

ಹುಡುಗನ ಹೆಸರು ಹೆನ್ರಿ ಫಿಟ್ಜ್‌ರಾಯ್. ಫಿಟ್ಜ್‌ರಾಯ್ ಅಂದ್ರೆ ‘ರಾಜನ ಮಗ’ ಅಂತಲೇ ಅರ್ಥ. ಹುಟ್ಟಿದ್ದು 1519ರಲ್ಲಿ. ತಾಯಿ ಎಲಿಜಬೆತ್ ಬ್ಲೌಂಟ್, ರಾಣಿ ಕ್ಯಾಥರೀನ್‌ಳ ಸಖಿಯರಲ್ಲಿ ಒಬ್ಬಳು. ರಾಣಿಗೆ ಉಳಿದದ್ದು ಒಬ್ಬಳೇ ಮಗಳು. ಗಂಡುಮಗುವಿಗಾಗಿ ಹಪಹಪಿಸುತ್ತಿದ್ದ ರಾಜ ಈ ಹುಡುಗನನ್ನು ಬಚ್ಚಿಡಲಿಲ್ಲ. 1525ರ ಜೂನ್‌ನಲ್ಲಿ ರಿಚ್ಮಂಡ್ ಮತ್ತು ಸಾಮರ್‌ಸೆಟ್‌ನ ಡ್ಯೂಕ್ ಮಾಡಿದ, ಮುಂದಿನ ತಿಂಗಳೇ ಇಂಗ್ಲೆಂಡಿನ ಅಡ್ಮಿರಲ್. ಆರು ವರ್ಷದ ಅಡ್ಮಿರಲ್! ನಾವೆಲ್ಲ ಆ ವಯಸ್ಸಿಗೆ ಒಂದನೇ ಕ್ಲಾಸು. ಕೆಲಸ ಮಾಡೋಕೆ ಬೇರೆಯವರಿದ್ದರು ಬಿಡಿ.

1533ರ ನವೆಂಬರ್‌ನಲ್ಲಿ ಮದುವೆ. ಹುಡುಗಿ ಮೇರಿ ಹೊವಾರ್ಡ್, ನಾರ್ಫಕ್ ಡ್ಯೂಕ್‌ನ ಮಗಳು. ಹೊಸ ರಾಣಿ ಆನ್ ಬೊಲಿನ್ ಅವಳಿಗೆ ಸೋದರತ್ತೆಯ ಮಗಳು. ಈ ಸಂಬಂಧ ಕೂಡಿಸಿದ್ದೂ ಆನ್‌ಳೇ. ಡ್ಯೂಕ್ ವರದಕ್ಷಿಣೆ ಕೊಡೋದು ಕೂಡ ತಪ್ಪಿತು. ಗಂಡು ಹೆಣ್ಣು ಇಬ್ಬರಿಗೂ ಹದಿನಾಲ್ಕರ ಆಸುಪಾಸು. ಮದುವೆ ಮಾಡಿ ಬೇರೆಬೇರೆ ಇಟ್ಟರು. ಕಾರಣ ಅರಮನೆಯಲ್ಲಿದ್ದ ಹಳೇ ಭಯ: ರಾಜನ ಅಣ್ಣ ಆರ್ಥರ್ ಹದಿನೈದಕ್ಕೇ ಕ್ಯಾಥರೀನ್‌ಳನ್ನು ಮದುವೆಯಾಗಿ ಐದು ತಿಂಗಳೊಳಗೆ, 1502ರಲ್ಲಿ, ತೀರಿಕೊಂಡಿದ್ದ. ಎಳೆ ವಯಸ್ಸಿನಲ್ಲಿ ಕೂಡಿಬಾಳುವುದು ಮೈಗೆ ಕೇಡು ಅಂತ ನಂಬಿಕೆ.

1536ರ ಮೇ ತಿಂಗಳಲ್ಲಿ ಆನ್‌ಳ ತಲೆ ಹೋಯಿತು. ಜುಲೈನಲ್ಲಿ ಫಿಟ್ಜ್‌ರಾಯ್ ಕೂಡ ಸತ್ತ, ಬಹುಶಃ ಕ್ಷಯದಿಂದ. ಸದ್ದಿಲ್ಲದೆ ಹೂಳಿ ಅಂತ ರಾಜನ ಆಜ್ಞೆ. ಮಾವ ನಾರ್ಫಕ್ ಶವವನ್ನು ಹುಲ್ಲು ಮುಚ್ಚಿದ ಗಾಡಿಯಲ್ಲಿ ಥೆಟ್‌ಫರ್ಡ್‌ಗೆ ಸಾಗಿಸಿದ. ಆಮೇಲೆ ಅದೇ ರಾಜನಿಗೆ, ಮಗನನ್ನು ಮರ್ಯಾದೆಯಿಂದ ಮಣ್ಣು ಮಾಡಲಿಲ್ಲ ಅಂತ ಸಿಟ್ಟು!

ಈಗ ಮೇರಿ ಹದಿನೇಳರ ವಿಧವೆ. ಗಂಡ ಸತ್ತರೆ ಅವನ ಆಸ್ತಿಯ ಒಂದು ಭಾಗದ ಉತ್ಪತ್ತಿ ಹೆಂಡತಿಗೆ ಜೀವನಪೂರ್ತಿ ಸಿಗಬೇಕು. ಇದಕ್ಕೆ ‘ಜಾಯಿಂಚರ್’ ಅನ್ನೋರು. ಮಕ್ಕಳಿಲ್ಲದ್ದರಿಂದ ಫಿಟ್ಜ್‌ರಾಯ್‌ನ ಜಮೀನೆಲ್ಲ ವಾಪಸ್ ರಾಜನ ಕೈಗೆ ಬಂದಿತ್ತು. ಅಂದ್ರೆ ಕೊಡಬೇಕಾದವನು ಮಾವ, ತೀರ್ಮಾನ ಮಾಡುವವನೂ ಮಾವನೇ. ಅವನು ತೆಗೆದ ತಕರಾರು ಏನು ಗೊತ್ತಾ? ಪ್ರಸ್ತವೇ ಆಗಿಲ್ಲ, ಹಾಗಾದ್ರೆ ಅದು ಮದುವೆ ಹೇಗಾಗುತ್ತೆ?

ಚರ್ಚ್ ಕಾನೂನು ಹಾಗೆ ಹೇಳೋದಿಲ್ಲ. ಹುಡುಗನಿಗೆ ಹದಿನಾಲ್ಕು, ಹುಡುಗಿಗೆ ಹನ್ನೆರಡು ತುಂಬಿ, ‘ಈಗ ಒಪ್ಪಿದ್ದೇನೆ’ ಅಂತ ಇಬ್ಬರೂ ಮಾತು ಕೊಟ್ಟರೆ ಮದುವೆ ಆದಂತೆಯೇ. ಇದು ಹೆನ್ರಿಗೆ ಗೊತ್ತಿಲ್ಲದ್ದೇನಲ್ಲ, ವರ್ಷಗಟ್ಟಲೆ ಇದೇ ವಿಷಯದಲ್ಲಿ ಮುಳುಗಿದ್ದವನು. ಅಣ್ಣನ ವಿಧವೆ ಕ್ಯಾಥರೀನ್‌ಳನ್ನು ಕಟ್ಟಿಕೊಂಡು, ಬಿಡಬೇಕಾದಾಗ ‘ಅಣ್ಣನ ಜೊತೆ ಇವಳ ಪ್ರಸ್ತ ಆಗಿತ್ತು, ಆದ್ದರಿಂದ ನನ್ನ ಮದುವೆ ಸಲ್ಲದು’ ಅಂತ ವಾದಿಸಿದ್ದ. ಆಗಿಲ್ಲ ಅಂತ ಅವಳು ಆಣೆಯಿಟ್ಟು ಹೇಳಿದರೂ ಕೇಳಲಿಲ್ಲ. ಎರಡು ಸಲವೂ ಲಾಭ ಅವನಿಗೇ.

ಮೇರಿ ಅಳುತ್ತಾ ಕೂರಲಿಲ್ಲ. ಅಪ್ಪ ತನ್ನ ಪರವಾಗಿ ಸಾಕಷ್ಟು ಓಡಾಡುತ್ತಿಲ್ಲ ಅಂತ ಅನುಮಾನ ಬಂದು, ಮಂತ್ರಿ ಥಾಮಸ್ ಕ್ರಾಮ್ವೆಲ್‌ಗೆ ತಾನೇ ಪತ್ರ ಬರೆದಳು. ಲಂಡನ್ನಿಗೆ ಬಂದು ರಾಜನ ಎದುರೇ ಕೇಳ್ತೀನಿ ಅಂತ ಹಟ ಹಿಡಿದಳು. ಆರ್ಚ್‌ಬಿಷಪ್ ಕ್ರಾನ್ಮರ್‌ನ ಅಭಿಪ್ರಾಯ ಕೇಳಿದರೆ, ಅವನು ಇನ್ನಷ್ಟು ಸಮಯ ಬೇಕು ಅಂದ. ರಾಜನ ವಿರುದ್ಧ ಬೇಗ ಬಾಯಿಬಿಡೋಕೆ ಯಾರಿಗೆ ಧೈರ್ಯ? ಅಂತೂ 1540ರ ಹೊತ್ತಿಗೆ ಕೆಲವು ಜಮೀನುಗಳು ಅವಳ ಪಾಲಿಗೆ ಬಂದವು.

ಥಾಮಸ್ ಸೀಮೋರ್‌ಗೆ ಅವಳನ್ನು ಕೊಡಲು ಅಪ್ಪ ಮುಂದೆ ಪ್ರಯತ್ನಪಟ್ಟ, ಆಗಲಿಲ್ಲ. ಮೇರಿ ಮತ್ತೆ ಮದುವೆಯಾಗಲೇ ಇಲ್ಲ. ಥೆಟ್‌ಫರ್ಡ್‌ನ ಮಠ ಮುಚ್ಚಿದಾಗ ಫಿಟ್ಜ್‌ರಾಯ್‌ನ ಅಸ್ಥಿಯನ್ನು ಸಫಕ್‌ನ ಫ್ರಾಮ್ಲಿಂಗಮ್ ಚರ್ಚಿಗೆ ಒಯ್ದರು. ಗೋರಿ ಇವತ್ತಿಗೂ ಅಲ್ಲಿದೆ. ಮದುವೆಯೇ ಅಲ್ಲ ಅನ್ನಿಸಿಕೊಂಡ ಆ ಮದುವೆಯಿಂದ ಬಂದ ‘ರಿಚ್ಮಂಡ್‌ನ ಡಚೆಸ್’ ಅನ್ನೋ ಹೆಸರು ಮಾತ್ರ ಸಾಯೋವರೆಗೂ ಅವಳದ್ದೇ ಆಗಿತ್ತು.