ಲಸಿಕೆಯ ಫಲ: ಪ್ರಯೋಗದ ಅಂಕಿ, ವಾಸ್ತವದ ಲೆಕ್ಕ

ಯಂತ್ರವೊಂದರ ಸ್ಥಾಪಿತ ಸಾಮರ್ಥ್ಯಕ್ಕೂ ಅದರಿಂದ ದೊರೆಯುವ ನೈಜ ಉತ್ಪಾದನೆಗೂ ಅಂತರವಿರುವುದು ಪ್ರತಿಯೊಬ್ಬ ಉದ್ಯಮಿಗೂ ತಿಳಿದ ಸಂಗತಿ. ಕೋವಿಡ್ ಲಸಿಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಕೊವ್ಯಾಕ್ಸಿನ್ ಇದಕ್ಕೆ ಉತ್ತಮ ನಿದರ್ಶನ. ಸುಮಾರು 25,800 ಸ್ವಯಂಸೇವಕರ ಮೇಲೆ ನಡೆದ ಮೂರನೆಯ ಹಂತದ ಪ್ರಯೋಗದಲ್ಲಿ, ರೋಗಲಕ್ಷಣ ತೋರುವ ಕೋವಿಡ್ ವಿರುದ್ಧ ಅದರ ಫಲ ಶೇ. 77.8 ಎಂದು ಕಂಡುಬಂದಿತು. ಆದರೆ ದೆಹಲಿಯ ಏಮ್ಸ್ ಆಸ್ಪತ್ರೆಯ ಸಿಬ್ಬಂದಿಯ ಕುರಿತು 2021ರ ಏಪ್ರಿಲ್-ಮೇ ತಿಂಗಳಲ್ಲಿ ನಡೆದ ಅಧ್ಯಯನದಲ್ಲಿ ಈ ಪ್ರಮಾಣ ಶೇ. 50 ಮಾತ್ರ. ಲಸಿಕೆ ಒಂದೇ; ಸನ್ನಿವೇಶ ಬೇರೆ. ಅಂದು ದೆಹಲಿಯಲ್ಲಿ ಡೆಲ್ಟಾ ತಳಿಯ ಅಲೆ ಉತ್ತುಂಗದಲ್ಲಿತ್ತು. ಆಸ್ಪತ್ರೆಯ ಸಿಬ್ಬಂದಿಯು ದಿನವೂ ಸೋಂಕಿತರ ನಡುವೆಯೇ ದುಡಿಯುತ್ತಿದ್ದರು.

ಫಲವನ್ನು ನಿರ್ಧರಿಸುವ ಅಂಶಗಳು

ಮೊದಲನೆಯದು ವೈರಾಣುವಿನ ತಳಿ. 2021ರ ಕೊನೆಯಲ್ಲಿ ಬಂದ ಒಮಿಕ್ರಾನ್ ಎದುರು ಸೋಂಕು ತಡೆಯುವ ಶಕ್ತಿ ಬಹುಮಟ್ಟಿಗೆ ಕುಗ್ಗಿತಾದರೂ ತೀವ್ರ ಕಾಯಿಲೆಯಿಂದ ರಕ್ಷಣೆ ಹೆಚ್ಚು ಉಳಿಯಿತು.

ಎರಡನೆಯದು ಡೋಸ್‌ಗಳ ನಡುವಿನ ಅಂತರ. ಕೋವಿಶೀಲ್ಡ್‌ನ ಮೂಲ ಲಸಿಕೆಯ ಪ್ರಯೋಗಗಳಲ್ಲಿ ಅಂತರ 6 ವಾರಕ್ಕಿಂತ ಕಡಿಮೆಯಿದ್ದಾಗ ಫಲ ಶೇ. 55.1, 12 ವಾರ ಅಥವಾ ಹೆಚ್ಚಿದ್ದಾಗ ಶೇ. 81.3. ಭಾರತದಲ್ಲಿ 2021ರ ಮೇ ತಿಂಗಳಲ್ಲಿ ಈ ಅಂತರವನ್ನು 12ರಿಂದ 16 ವಾರಗಳಿಗೆ ವಿಸ್ತರಿಸಲಾಯಿತು.

ಮೂರನೆಯದು ಕಾಲ. ತಿಂಗಳುಗಳು ಕಳೆದಂತೆ ರಕ್ಷಣೆಗೂ ಸವಕಳಿ ಉಂಟು. ನಾಲ್ಕನೆಯದು ಪಡೆಯುವವರ ದೇಹಸ್ಥಿತಿ: ವೃದ್ಧರಲ್ಲಿ ಹಾಗೂ ಅಂಗಾಂಗ ಕಸಿ, ಕ್ಯಾನ್ಸರ್ ಚಿಕಿತ್ಸೆಗಳಿಗೆ ಒಳಗಾದವರಲ್ಲಿ ಪ್ರತಿರೋಧ ದುರ್ಬಲವಾಗಿರುತ್ತದೆ. ಐದನೆಯದು ಶೀತಲ ಸರಪಳಿ. ಕೋವಿಶೀಲ್ಡ್, ಕೊವ್ಯಾಕ್ಸಿನ್‌ಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಬೇಕು. ಸಾಗಣೆಯಲ್ಲಿ ಲೋಪವಾದರೆ ಸೀಸೆಯಲ್ಲಿರುವ ಸರಕೇ ಕೆಡುತ್ತದೆ.

ಶೇಕಡಾವಾರಿನ ಮೋಸ

“ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಲಸಿಕೆ ಪಡೆದವರೇ” ಎಂಬ ಮಾತು ಅನೇಕರನ್ನು ದಾರಿ ತಪ್ಪಿಸಿತು. ಉದಾಹರಣೆಗೆ, 100 ಕಾರ್ಮಿಕರ ಕಾರ್ಖಾನೆಯೊಂದರಲ್ಲಿ 90 ಮಂದಿ ಲಸಿಕೆ ಪಡೆದಿದ್ದಾರೆಂದು ಭಾವಿಸೋಣ. ಪಡೆಯದ 10 ಮಂದಿಯಲ್ಲಿ 2 ಮಂದಿಗೂ, ಪಡೆದ 90 ಮಂದಿಯಲ್ಲಿ 9 ಮಂದಿಗೂ ಕಾಯಿಲೆ ಬಂದರೆ, ಒಟ್ಟು 11 ರೋಗಿಗಳಲ್ಲಿ 9 ಮಂದಿ ಲಸಿಕೆ ಪಡೆದವರೇ. ಆದರೆ ಕಾಯಿಲೆಯ ಪ್ರಮಾಣ ಮೊದಲ ಗುಂಪಿನಲ್ಲಿ ಶೇ. 20, ಎರಡನೆಯದರಲ್ಲಿ ಶೇ. 10. ಅಂದರೆ ಲಸಿಕೆಯು ಅಪಾಯವನ್ನು ಅರ್ಧಕ್ಕೆ ಇಳಿಸಿದೆ. ಛೇದವನ್ನು ಮರೆತ ಲೆಕ್ಕ ಲಾಭವನ್ನೇ ನಷ್ಟವೆಂದು ತೋರಿಸುತ್ತದೆ.

ಆದುದರಿಂದ ಲಸಿಕೆಯ ಕುರಿತ ಯಾವ ಅಂಕಿಯನ್ನೇ ಆಗಲಿ ಒಪ್ಪುವ ಮುನ್ನ ಮೂರು ಪ್ರಶ್ನೆಗಳು ಅವಶ್ಯ: ಯಾವುದರ ವಿರುದ್ಧ, ಯಾರಲ್ಲಿ, ಡೋಸ್ ಪಡೆದು ಎಷ್ಟು ಕಾಲವಾದ ಮೇಲೆ? ವಯಸ್ಸಾದ ಅಥವಾ ದೀರ್ಘಕಾಲದ ಕಾಯಿಲೆಯುಳ್ಳ ಕೆಲಸಗಾರರಿರುವ ಸಂಸ್ಥೆಗಳು ಸರಾಸರಿ ಅಂಕಿಯನ್ನು ನೆಚ್ಚದೆ, ಅಂಥವರು ವೈದ್ಯರ ಸಲಹೆ ಪಡೆಯುವಂತೆ ನೋಡಿಕೊಳ್ಳುವುದು ಹಿತಕರ.